ಕತ್ತೆಯ ಮೇಲೆ ಹೊರಿಸಿದ ತಪ್ಪು: ಉಣ್ಣಿಯಿಂದ ಬರುವ ರಕ್ತದ ಕಾಯಿಲೆಗಳು



ಕಳೆದ ವರ್ಷ ಮಳೆ ನಿಂತ ಮೇಲೆ ಬಾಳ್ಳುಪೇಟೆ ಹತ್ತಿರದ ಒಂದು ಊರಿನ ಸಂಘದ ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಪ್ರಾರ್ಥನೆ ಆಯ್ತು, ಹಾಜರಿ ಆಯ್ತು, ಉಳಿತಾಯದ ಹಣ ಕಟ್ಟುವ ಹೊತ್ತಿಗೆ ಗಲಾಟೆ ಶುರುವಾಯಿತು. ಒಬ್ಬ ಸದಸ್ಯೆ ಸಂಘದ ಸಾಲದಲ್ಲಿ ತಂದಿದ್ದ ಜೆರ್ಸಿ ಮಿಶ್ರತಳಿ ಹಸು ಐದು ದಿನ ಜ್ವರ ಬಂದು ಸತ್ತುಹೋಗಿತ್ತು. ಇನ್ನೂ ಹದಿನಾಲ್ಕು ಕಂತು ಬಾಕಿ. ವಿಮೆ ಮಾಡಿಸಿರಲಿಲ್ಲ. ಆಕೆ ಒಂದು ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು, ಮಾತಾಡುತ್ತಿದ್ದವರು ಬೇರೆಯವರು.

"ಸಿಸ್ಟರ್, ಆ ಕತ್ತೆ ಹಾಲಿನವರು ಬಂದ್ಮೇಲೇ ಹಸಾ ಬಿದ್ದಿದ್ದು. ಕತ್ತೆ ಮೈಮೇಲೆ ಉಣ್ಣಿ ಹರೀತಿತ್ತು, ನಾನೇ ಕಣ್ಣಾರೆ ಕಂಡಿದೀನಿ. ಇನ್ಮೇಲೆ ಕತ್ತೆಯವರನ್ನ ಊರೊಳಕ್ಕೆ ಬಿಡಬಾರದು ಅಂತ ನಿರ್ಣಯ ಬರೀರಿ" ಅಂದರು. ನಡಾವಳಿ ಪುಸ್ತಕ ತೆರೆದು ಪೆನ್ನು ಹಿಡಿದೂ ಆಗಿತ್ತು.

ಕತ್ತೆ ಹಾಲಿನವರು ನಿಮಗೆಲ್ಲ ಗೊತ್ತು. ಗಂಡ, ಹೆಂಡತಿ, ಮಕ್ಕಳು, ಮೂರು ನಾಲ್ಕು ಕತ್ತೆ, ಜೊತೆಗೆ ಮರಿ. ಊರಿಂದೂರಿಗೆ ನಡೆದು ಬಂದು ಶಾಲೆ ಬಯಲಲ್ಲೋ ರೈಲ್ವೆ ಹಳಿ ಪಕ್ಕದಲ್ಲೋ ಎರಡು ರಾತ್ರಿ ಇದ್ದು, ಮನೆ ಬಾಗಿಲಲ್ಲಿ ಕರೆದು ಒಳಲೆ ಲೆಕ್ಕದಲ್ಲಿ ಹಾಲು ಮಾರಿ ಮುಂದೆ ಹೋಗುತ್ತಾರೆ. (ಎಳೆ ಮಗುವಿಗೆ ಆ ಹಾಲು ಬೇಡ. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ. ಅದು ಇನ್ನೊಂದು ಪಾಠ, ಇನ್ನೊಮ್ಮೆ ಬರೆಯುತ್ತೇನೆ.) ಊರಿನವರಿಗೆ ಅವರು ಯಾರೂ ಅಲ್ಲ. ಯಾರೂ ಅಲ್ಲದವರ ಮೇಲೆ ತಪ್ಪು ಹಾಕುವುದು ಬಹಳ ಸುಲಭ.

ನಾನು ಪಶುವೈದ್ಯೆ ಅಲ್ಲ. "ಒಂದು ತಿಂಗಳು ತಡೀರಿ, ವಿಚಾರಿಸಿ ಬರ್ತೀನಿ, ಆಮೇಲೆ ನಿರ್ಣಯ ಬರೆಯೋಣ" ಅಂದೆ. ಪಶು ಆಸ್ಪತ್ರೆಯ ಡಾಕ್ಟರ ಹತ್ತಿರ ಕೂತು ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಈ ಪಾಠ ಬರೆದಿದ್ದೇನೆ.

ಕತ್ತೆ ಕುದುರೆಗಳಿಗೆ ಬರುವ ಕಾಯಿಲೆ ಯಾವುದು?

ಆ ಊರಿನವರು ಹೇಳಿದ್ದು ಪೂರಾ ಸುಳ್ಳಲ್ಲ. ಉಣ್ಣಿ ಕಚ್ಚಿ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಒಂದು ರಕ್ತದ ಕಾಯಿಲೆ ಬರುವುದು ನಿಜ. ಡಾಕ್ಟರುಗಳು ಅದಕ್ಕೆ ಪೈರೋಪ್ಲಾಸ್ಮೋಸಿಸ್ ಅನ್ನುತ್ತಾರೆ. ಎರಡು ಜಾತಿಯ ಪರಾವಲಂಬಿ ಜೀವಿಗಳು ಇದಕ್ಕೆ ಕಾರಣ: ಥೈಲೇರಿಯಾ ಇಕ್ವಿ ಮತ್ತು ಬಬೇಸಿಯಾ ಕಬಾಲಿ. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಮಲೇರಿಯಾ ಗೊತ್ತಲ್ಲ, ಸೊಳ್ಳೆ ಕಚ್ಚಿದಾಗ ಕಣ್ಣಿಗೆ ಕಾಣದ ಜೀವಿ ನಮ್ಮ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಇದೂ ಅದೇ ರೀತಿ. ಅಲ್ಲಿ ಸೊಳ್ಳೆ, ಇಲ್ಲಿ ಉಣ್ಣಿ. ನಮ್ಮ ಮಲೆನಾಡಿನ ಅಜ್ಜಿಯರಿಗೆ ಚಳಿಜ್ವರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವಿಷಯ ಓದಿ ನನಗೇ ಆಶ್ಚರ್ಯವಾಯಿತು. ಹುಳು-ಹುಪ್ಪಟೆ ಕಚ್ಚಿ ಇಂಥ ಕಾಯಿಲೆ ಹರಡಬಹುದು ಅಂತ ಮೊದಲು ಸಾಬೀತಾದದ್ದು ಸೊಳ್ಳೆಯಿಂದಲ್ಲ, ಹಸುವಿನ ಉಣ್ಣಿಯಿಂದ. 1888ರಲ್ಲಿ ರೊಮೇನಿಯಾ ದೇಶದ ವಿಕ್ಟರ್ ಬಬೇಸ್ ಎಂಬ ವಿಜ್ಞಾನಿ ಕಾಯಿಲೆಯ ದನಗಳ ರಕ್ತದಲ್ಲಿ ಈ ಜೀವಿಯನ್ನು ಕಂಡರು. ಬಬೇಸಿಯಾ ಎಂಬ ಹೆಸರು ಬಂದದ್ದು ಅವರಿಂದ. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಅದನ್ನು ದನದಿಂದ ದನಕ್ಕೆ ಸಾಗಿಸುವುದು ಉಣ್ಣಿ ಅಂತ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ, 1897ರಲ್ಲಿ.

ಕಾಯಿಲೆ ಬಿದ್ದ ಕುದುರೆಗೆ ಜೋರು ಜ್ವರ, ಮೇವು ಬೇಡ, ಉಸಿರು ಜೋರು. ವಸಡು ಮೊದಲು ಬಿಳಿಚಿಕೊಂಡು ಆಮೇಲೆ ಹಳದಿಯಾಗುತ್ತದೆ. ಕಾಲು ಮತ್ತು ಹೊಟ್ಟೆಯ ಕೆಳಗೆ ಬಾವು ಬರಬಹುದು, ಮೂತ್ರ ಕೆಂಪಾಗಬಹುದು, ಗಬ್ಬದ ಕುದುರೆ ಕಂದು ಹಾಕಬಹುದು. ಕತ್ತೆಯಲ್ಲಿ ಮಾತ್ರ ಇಷ್ಟು ಸ್ಪಷ್ಟವಾಗಿ ಕಾಣದು. ಸೊರಗುತ್ತದೆ, ಬೇಗ ಸುಸ್ತಾಗುತ್ತದೆ, ತಲೆ ತಗ್ಗಿಸಿ ನಿಲ್ಲುತ್ತದೆ. ಕತ್ತೆ ಯಾವಾಗಲೂ ತಲೆ ತಗ್ಗಿಸಿಯೇ ನಿಲ್ಲುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ! ಥೈಲೇರಿಯಾ ಇಕ್ವಿ ಒಮ್ಮೆ ರಕ್ತಕ್ಕೆ ಸೇರಿದರೆ, ಪ್ರಾಣಿ ಚೇತರಿಸಿಕೊಂಡರೂ ಸಾಮಾನ್ಯವಾಗಿ ಜೀವನಪೂರ್ತಿ ಒಳಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣದೊಳಗೆ ನಾಲ್ಕು ಜೀವಿಗಳು ಸೇರಿ ಪುಟ್ಟ ಶಿಲುಬೆಯ ಹಾಗೆ ಕಾಣುತ್ತವಂತೆ.

ರೇಸ್ ಕುದುರೆ ಸಾಕುವವರಿಗೆ ಇದು ದೊಡ್ಡ ತಲೆನೋವು. ಈ ಕಾಯಿಲೆ ಇಲ್ಲ ಅಂತ ಪರೀಕ್ಷೆಯಲ್ಲಿ ಬರದೆ ಅನೇಕ ದೇಶಗಳು ಕುದುರೆಯನ್ನು ಒಳಗೆ ಬಿಡುವುದಿಲ್ಲ. 2009ರಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದೇ ಸಾಕಣೆ ಕೇಂದ್ರದಲ್ಲಿ 400ಕ್ಕೂ ಹೆಚ್ಚು ಕುದುರೆಗಳಲ್ಲಿ ಇದು ಪತ್ತೆಯಾಯಿತು. ನಮ್ಮ ದೇಶದಲ್ಲಿ ಕುದುರೆ ಕತ್ತೆಗಳ ಕಾಯಿಲೆ ಅಧ್ಯಯನಕ್ಕೆಂದೇ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ. 2025ರಲ್ಲಿ ಮೀರತ್‌ನ ಸೇನಾ ಕುದುರೆ ಕೇಂದ್ರಕ್ಕೆ ಈ ಕಾಯಿಲೆಯೂ ಸೇರಿ ಕೆಲವು ರೋಗಗಳಿಂದ ಮುಕ್ತ ಎಂಬ ಮಾನ್ಯತೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ಸಿಕ್ಕಿತು. ಕುಣಿಗಲ್‌ನ ಕುದುರೆಗೆ, ಬೆಂಗಳೂರಿನ ರೇಸಿನ ಕುದುರೆಗೆ ಡಾಕ್ಟರು, ಔಷಧಿ, ರಕ್ತ ಪರೀಕ್ಷೆ ಎಲ್ಲ ಇದೆ. ಶಾಲೆ ಬಯಲಲ್ಲಿ ಕಟ್ಟಿದ ಕತ್ತೆಯ ರಕ್ತವನ್ನು ಪರೀಕ್ಷೆ ಮಾಡಿಸಲು ಯಾರಿದ್ದಾರೆ? 2012ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಉಳಿದದ್ದು ಸುಮಾರು 1.2 ಲಕ್ಷ.

ಹಾಗಾದರೆ ಹಸುವಿಗೆ ಬಂದದ್ದು ಕತ್ತೆಯಿಂದಲೇ?

ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಸಭೆಯಲ್ಲಿ ಓದುವವರು ಎರಡು ಸಲ ಓದಿ ಹೇಳಿ.

ಕುದುರೆ-ಕತ್ತೆಗೆ ಬರುವ ಥೈಲೇರಿಯಾ ಬೇರೆ, ಹಸು-ಎಮ್ಮೆಗೆ ಬರುವ ಥೈಲೇರಿಯಾ ಬೇರೆ. ಹಸುವಿಗೆ ಬರುವುದು ಥೈಲೇರಿಯಾ ಅನುಲೇಟಾ. ಇನ್ನೊಂದು ಜಾತಿ ಥೈಲೇರಿಯಾ ಓರಿಯಂಟಾಲಿಸ್, ಪಕ್ಕದ ಕೇರಳದ ವಯನಾಡಿನಲ್ಲಿ ಮಿಶ್ರತಳಿ ಹಸುಗಳನ್ನು ಕೊಂದದ್ದು ವರದಿಯಾಗಿದೆ. ಹಾಗೆಯೇ ಬಬೇಸಿಯಾದಲ್ಲೂ ಹಸುವಿನದು ಬೇರೆ, ಕುದುರೆಯದು ಬೇರೆ. ಒಂದೇ ಮನೆತನದ ಹೆಸರು ಇದ್ದರೂ ಒಲೆ ಬೇರೆ ಬೇರೆ. ಕತ್ತೆಯ ರಕ್ತದಲ್ಲಿರುವ ಜೀವಿಯಿಂದ ಹಸುವಿಗೆ ಈ ಕಾಯಿಲೆ ಹತ್ತುವುದಿಲ್ಲ.

ಗೊಂದಲ ಎಲ್ಲಿ ಅಂದರೆ, ಸಾಗಿಸುವ ಉಣ್ಣಿ ಒಂದೇ ಇರಬಹುದು. ಹಯಲೊಮ್ಮಾ ಎಂಬ ದೊಡ್ಡ ಕಾಲಿನ ಕಂದು ಉಣ್ಣಿ ಕುದುರೆಗೂ ಕಚ್ಚುತ್ತದೆ, ಹಸುವಿಗೂ ಕಚ್ಚುತ್ತದೆ. ಬಸ್ಸು ಒಂದೇ, ಇಳಿಯುವ ಸ್ಟಾಪು ಬೇರೆ ಅಂತ ಇಟ್ಟುಕೊಳ್ಳಿ. ಕತ್ತೆ ಮೈಯಿಂದ ಉದುರಿದ ಉಣ್ಣಿ ನಮ್ಮ ಕೊಟ್ಟಿಗೆಗೆ ಸೇರುವುದು ಒಳ್ಳೆಯದಲ್ಲ ನಿಜ. ಹಾಗೆಯೇ ನಾಯಿ ಮೈಯಿಂದ, ಆಡಿನ ಮೈಯಿಂದ, ನೆಂಟರ ಮನೆಯಿಂದ ಹೊಡೆದುಕೊಂಡು ಬಂದ ಕರುವಿನ ಮೈಯಿಂದ ಉದುರಿದ್ದೂ ಒಳ್ಳೆಯದಲ್ಲ.

ಇನ್ನೊಂದು ಲೆಕ್ಕ ನೋಡಿ. ಆ ಊರಿಗೆ ಕತ್ತೆಯವರು ಬಂದದ್ದು ಸೋಮವಾರ. ಹಸುವಿಗೆ ಜ್ವರ ಬಂದದ್ದು ಬುಧವಾರ ರಾತ್ರಿ. ಉಣ್ಣಿ ಕಚ್ಚಿ ಥೈಲೇರಿಯಾ ಜ್ವರ ಕಾಣಿಸಿಕೊಳ್ಳಲು ಸುಮಾರು ಒಂದರಿಂದ ಮೂರು ವಾರ ಬೇಕು. ಅಂದರೆ ಆ ಹಸುವಿಗೆ ಉಣ್ಣಿ ಕಚ್ಚಿದಾಗ ಕತ್ತೆಗಳು ಇನ್ನೂ ಎಲ್ಲೋ ದಾರಿಯಲ್ಲಿದ್ದವು!

ಉಣ್ಣಿ ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಕೆಲವರು ಉಣ್ಣಿ ಅಂತಾರೆ, ಸಣ್ಣದಕ್ಕೆ ಉಣುಗು ಅಂತಾರೆ. ಹಸುವಿನ ಕೆಚ್ಚಲ ಬುಡದಲ್ಲಿ, ಕಿವಿಯಲ್ಲಿ, ಬಾಲದ ಕೆಳಗೆ ಹರಳು ಬೀಜದ ಹಾಗೆ ಊದಿಕೊಂಡು ಕೂತಿರುತ್ತದಲ್ಲ, ಅದು ಹೆಣ್ಣು ಉಣ್ಣಿ. ರಕ್ತ ಕುಡಿದು ತುಂಬಿದ ಮೇಲೆ ನೆಲಕ್ಕೆ ಬೀಳುತ್ತದೆ, ಗೋಡೆ ಸಂದಿಯಲ್ಲೋ ಕಲ್ಲಿನ ಅಡಿಯಲ್ಲೋ ಸೇರಿ ಮೊಟ್ಟೆ ಇಡುತ್ತದೆ. ಒಂದು ಉಣ್ಣಿ ಎರಡು ಮೂರು ಸಾವಿರ ಮೊಟ್ಟೆ ಇಡಬಲ್ಲದು. ಆಮೇಲೆ ತಾನು ಸಾಯುತ್ತದೆ. ಮರಿಗಳು ಹುಲ್ಲಿನ ತುದಿಗೆ ಹತ್ತಿ ಕಾಯುತ್ತವೆ, ದನ ಹಾದುಹೋದರೆ ಅಂಟಿಕೊಳ್ಳುತ್ತವೆ. ಬಬೇಸಿಯಾ ಜೀವಿ ತಾಯಿ ಉಣ್ಣಿಯಿಂದ ಮೊಟ್ಟೆಗೇ ದಾಟುತ್ತದೆ, ಮರಿ ಹುಟ್ಟುವಾಗಲೇ ಕಾಯಿಲೆ ಹೊತ್ತು ಹುಟ್ಟುತ್ತದೆ. ಥೈಲೇರಿಯಾ ಹಾಗಲ್ಲ. ಎಳೆ ಉಣ್ಣಿ ಒಂದು ಹಸುವಿನಲ್ಲಿ ಪಡೆದದ್ದನ್ನು ಬೆಳೆದ ಮೇಲೆ ಇನ್ನೊಂದು ಹಸುವಿಗೆ ಕೊಡುತ್ತದೆ.

ಇದರಲ್ಲೊಂದು ನಮಗೆ ಅನುಕೂಲವಾದ ಸಂಗತಿ ಇದೆ. ಉಣ್ಣಿ ಕಚ್ಚಿದ ಕೂಡಲೇ ಥೈಲೇರಿಯಾ ದಾಟುವುದಿಲ್ಲ. ಎರಡು ಮೂರು ದಿನ ಕಚ್ಚಿಕೊಂಡು ಕೂತ ಮೇಲೆಯೇ ಹೆಚ್ಚಾಗಿ ದಾಟುವುದು. ಹಾಗಾಗಿ ದಿನಾ ಹಾಲು ಕರೆಯುವಾಗ ಐದು ನಿಮಿಷ ಮೈ ತಡವಿ ಉಣ್ಣಿ ತೆಗೆದರೆ ಅದು ದಂಡದ ಕೆಲಸ ಅಲ್ಲ.

ತೆಗೆಯುವಾಗ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯಿಂದ ಸುಡಬೇಡಿ. ಉಗುರಲ್ಲಿ ಚಿವುಟಿ ಒಡೆಯಬೇಡಿ, ನಮ್ಮಲ್ಲಿ ಎಲ್ಲರಿಗೂ ಇರುವ ಅಭ್ಯಾಸ ಅದು. ಉಣ್ಣಿಯೊಳಗೆ ಮನುಷ್ಯರಿಗೆ ಬರುವ ರೋಗಾಣುವೂ ಇರಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಅದು ವೈರಸ್ಸು, ಈ ಪಾಠದ ಕಾಯಿಲೆ ಅಲ್ಲ, ಆದರೆ ಎಚ್ಚರಿಕೆ ಒಂದೇ. ತೆಗೆದ ಉಣ್ಣಿಯನ್ನು ಸೀಮೆಎಣ್ಣೆ ಅಥವಾ ಸೋಪಿನ ನೀರಿನ ಡಬ್ಬಿಗೆ ಹಾಕಿ, ಕೈ ತೊಳೆದುಕೊಳ್ಳಿ.

ಸತ್ತ ಹಸುವಿನ ಕೊಟ್ಟಿಗೆಗೂ ಹೋಗಿ ನೋಡಿದೆ. ಹಳೇ ಮಣ್ಣಿನ ಗೋಡೆ, ತುಂಬ ಬಿರುಕು. ಕಡ್ಡಿ ಹಾಕಿ ಕೆದಕಿದರೆ ಉಣ್ಣಿ ಉದುರಿದವು. ನೆಲಕ್ಕೆ ಕಾಡಂಚಿನಿಂದ ಗುಡಿಸಿ ತಂದ ದರಗು ಹಾಸಿತ್ತು. ನಾವು ಮಲೆನಾಡಿನವರು ಗೊಬ್ಬರ ಆಗಲಿ ಅಂತ ಒಣಗಿದ ಎಲೆ ಹೊತ್ತು ತಂದು ಹಸುವಿನ ಕೆಳಗೆ ಹಾಸುತ್ತೇವೆ, ಅದರ ಜೊತೆ ಉಣುಗನ್ನೂ ತಲೆ ಮೇಲೆ ಹೊತ್ತು ತರುತ್ತೇವೆ. ಹಾಸು ಬೇಕೇ ಬೇಕು ಅಂದರೆ ಭತ್ತದ ಹುಲ್ಲು ಹಾಸಿ. ಬಿರುಕಿಗೆ ಮಣ್ಣೋ ಸಿಮೆಂಟೋ ಮೆತ್ತಿ ಸುಣ್ಣ ಬಳಿಯಿರಿ. ಕೋಳಿಗಳನ್ನು ಕೊಟ್ಟಿಗೆಯಲ್ಲಿ ಆಡಲು ಬಿಡಿ, ನೆಲದ ಉಣ್ಣಿಯನ್ನು ಹೆಕ್ಕಿ ತಿನ್ನುತ್ತವೆ.

ಔಷಧಿ ವಿಷಯದಲ್ಲಿ ಎಚ್ಚರಿಕೆ

ಕಾಫಿ ತೋಟ ಇರುವ ಕಡೆ ಒಂದು ಕೆಟ್ಟ ಪದ್ಧತಿ ಇದೆ, ನೇರವಾಗಿ ಹೇಳುತ್ತೇನೆ. ಕಾಂಡಕೊರಕಕ್ಕೆ ಹೊಡೆದು ಉಳಿದ ಔಷಧಿಯನ್ನು ಬಕೆಟ್ಟಿಗೆ ಹಾಕಿ ಹಸುವಿನ ಮೈಗೆ ಬಳಿಯುವುದು. ಹಸು ನೆಕ್ಕಿಕೊಂಡರೆ ವಿಷ, ಬಳಿದವರಿಗೂ ವಿಷ, ಅದೇ ಸಂಜೆಯ ಹಾಲು ಕುಡಿದ ಮಗುವಿಗೂ ವಿಷ. ದನಕ್ಕೆಂದೇ ಮಾಡಿದ ಔಷಧಿಯನ್ನು ಡಾಕ್ಟರು ಹೇಳಿದ ಅಳತೆಯಲ್ಲಿ, ಹಸುವಿಗೆ ಮೊದಲು ನೀರು ಕುಡಿಸಿ, ತಂಪು ಹೊತ್ತಿನಲ್ಲಿ, ಗಾಯ ಇಲ್ಲದ ಮೈಗೆ ಮಾತ್ರ ಹಚ್ಚಬೇಕು. ಒಂದು ಸಲ ಹಚ್ಚಿ ಬಿಟ್ಟರೆ ಸಾಲದು. ಸಾಮಾನ್ಯ ಹಸು ಉಣ್ಣಿ ಮರಿಯಿಂದ ಬೆಳೆದು ಉದುರುವವರೆಗೆ ಹಸುವಿನ ಮೈಮೇಲೆ ಸುಮಾರು ಮೂರು ವಾರ ಇರುತ್ತದೆ, ಆದ್ದರಿಂದ ಮತ್ತೆ ಯಾವಾಗ ಹಚ್ಚಬೇಕು ಅಂತ ಕೇಳಿಕೊಳ್ಳಿ. ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತಲೂ ಕೇಳಿ. ಬೆಳ್ಳುಳ್ಳಿ, ಬೇವು, ಬಜೆ, ಅರಿಶಿನ, ತುಳಸಿ ಅರೆದು ಮಾಡುವ ನಾಟಿ ಔಷಧಿಯನ್ನೂ ಕೆಲವು ಪಶುವೈದ್ಯರು ಹೇಳಿಕೊಡುತ್ತಾರೆ. ಉಣ್ಣಿ ಕಡಿಮೆ ಇದ್ದಾಗ ಅದು ಸಾಕಾಗಬಹುದು. ಜ್ವರ ಬಂದ ಮೇಲೆ ಅದನ್ನೇ ನಂಬಿ ಕೂರಬೇಡಿ.

ಹಸುವಿಗೆ ಹಚ್ಚುವ ಅಮಿಟ್ರಾಜ್ ಎಂಬ ಔಷಧಿಯನ್ನು ಕುದುರೆ ಕತ್ತೆಗೆ ಮಾತ್ರ ಹಚ್ಚಬಾರದು. ಅವುಗಳ ಕರುಳು ನಿಂತು ಸಾಯಬಹುದು. ಕನಿಕರದಿಂದ ಯಾರಾದರೂ ನಿಮ್ಮ ಮನೆಯ ಬಾಟಲಿಯನ್ನು ಕತ್ತೆಯವರಿಗೆ ಕೊಟ್ಟೀರಿ ಅಂತ ಹೇಳುತ್ತಿದ್ದೇನೆ.

ಸೂಜಿಯ ವಿಷಯವೂ ಇದೆ. ಅಮೆರಿಕದಲ್ಲಿ ಕೆಲವು ಕುದುರೆಗಳಿಗೆ ಈ ಕಾಯಿಲೆ ಹರಡಿದ್ದು ಉಣ್ಣಿಯಿಂದಲ್ಲ, ಒಂದೇ ಸೂಜಿಯನ್ನು ಹಲವು ಕುದುರೆಗೆ ಚುಚ್ಚಿದ್ದರಿಂದ. ನಮ್ಮೂರಲ್ಲಿ ಬೈಕಿನಲ್ಲಿ ಬಂದು ಒಂದೇ ಸೂಜಿಯಲ್ಲಿ ನಾಲ್ಕು ಮನೆಯ ಹಸುವಿಗೆ ಚುಚ್ಚಿ ಹೋಗುವವರಿದ್ದಾರೆ. "ಹೊಸ ಸೂಜಿ ಹಾಕಿ" ಅಂತ ಕೇಳಲು ನಾಚಿಕೆ ಬೇಡ, ಸೂಜಿಗೆ ಕೆಲವೇ ರೂಪಾಯಿ.

ಯಾವಾಗ ಡಾಕ್ಟರನ್ನು ಕರೆಯಬೇಕು?

ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102 ಡಿಗ್ರಿ. 104 ದಾಟಿದರೆ ಆ ದಿನವೇ ಕರೆಯಿರಿ. ಥೈಲೇರಿಯಾದಲ್ಲಿ ಹೆಗಲಿನ ಮುಂದೆ, ಕುತ್ತಿಗೆ ಸೇರುವಲ್ಲಿ ಗಡ್ಡೆ ಊದಿ ಕೈಗೆ ಸಿಗುತ್ತದೆ. ಹಾಲು ದಿಢೀರ್ ಇಳಿಯುತ್ತದೆ, ಮೆಲುಕು ನಿಲ್ಲುತ್ತದೆ. ಆಶಾ ಕಾರ್ಯಕರ್ತೆ ನಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಇದೆಯಾ ಅಂತ ನೋಡುತ್ತಾರಲ್ಲ, ಹಸುವಿಗೂ ಹಾಗೇ ನೋಡಿ: ಗುಲಾಬಿ ಬಣ್ಣ ಇರಬೇಕು, ಬಿಳಿಚಿದ್ದರೆ ಅಥವಾ ಹಳದಿ ಇದ್ದರೆ ತಡ ಮಾಡಬೇಡಿ. ಬಬೇಸಿಯಾದಲ್ಲಿ ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಜೆರ್ಸಿ, ಎಚ್.ಎಫ್. ಮಿಶ್ರತಳಿಗಳು ಬೇಗ ಬೀಳುತ್ತವೆ, ನಮ್ಮ ಮಲೆನಾಡು ಗಿಡ್ಡ ಸಾಕಷ್ಟು ತಡೆದುಕೊಳ್ಳುತ್ತದೆ. ಗಿಡ್ಡಕ್ಕೆ ಏನೂ ಆಗಲಿಲ್ಲ ಅಂತ ಜೆರ್ಸಿಯನ್ನು ಅದರ ಜೊತೆ ಕಾಡಿಗೆ ಬಿಡಬೇಡಿ.

ಮೊದಲ ದಿನಗಳಲ್ಲೇ ಕಿವಿಯ ನರದಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಿದರೆ ಯಾವ ಕಾಯಿಲೆ ಅಂತ ತಿಳಿಯಬಹುದು. ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್ ಎಂಬ ಇಂಜೆಕ್ಷನ್ ಇದೆ, ಬಬೇಸಿಯಾಕ್ಕೆ ಬೇರೆ ಔಷಧಿ. ಹಾಗಾಗಿ "ಜ್ವರಕ್ಕೊಂದು ಸೂಜಿ" ಸಾಲದು. ಆ ಸದಸ್ಯೆ ಡಾಕ್ಟರನ್ನು ಕರೆದದ್ದು ನಾಲ್ಕನೇ ದಿನ. ಮೊದಲು ಅಂತ್ರ ಕಟ್ಟಿಸಿದರು, ಆಮೇಲೆ ಯಾರೋ ಬಂದು ಜ್ವರದ ಸೂಜಿ ಚುಚ್ಚಿದರು. ಡಾಕ್ಟರು ಬಂದಾಗ ಹಸು ಮಲಗಿಬಿಟ್ಟಿತ್ತು, ಹೆಗಲ ಗಡ್ಡೆ ಮೂಸಂಬಿ ಗಾತ್ರ ಆಗಿತ್ತು. ಆಕೆಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಡಾಕ್ಟರಿಗೆ ಎಷ್ಟಾಗುತ್ತದೋ ಎಂಬ ಭಯದಲ್ಲಿ ಮೂರು ದಿನ ಕಳೆದರು ಅಷ್ಟೇ, ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಪಶು ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಕೇಳಬಹುದು ಅಂತ ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ ಅಂತಲೂ ನೆನಪಿರಲಿ. ಥೈಲೇರಿಯಾ ಅನುಲೇಟಾಕ್ಕೆ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯೂ ಇದೆ. ಮಿಶ್ರತಳಿ ಕರು ಇರುವವರು ಅದು ಸಿಗುತ್ತದೆಯೇ, ನಮ್ಮ ಕಡೆಗೆ ಬೇಕೇ ಅಂತ ಡಾಕ್ಟರನ್ನು ಕೇಳಿ.

ಒಂದು ತಿಂಗಳಾದ ಮೇಲೆ ಆ ಸಂಘಕ್ಕೆ ಮತ್ತೆ ಹೋದೆ. ಇದನ್ನೆಲ್ಲ ಹೇಳಿದೆ. ಎಲ್ಲರೂ ಒಪ್ಪಿದರು ಅಂತ ಬರೆದರೆ ಸುಳ್ಳಾಗುತ್ತದೆ. ಒಬ್ಬ ಹಿರಿಯರು "ಏನೇ ಹೇಳಿ ಸಿಸ್ಟರ್, ಕತ್ತೆ ಕಾಲ್ಗುಣ ಸರಿ ಇಲ್ಲ" ಅಂತಲೇ ಎದ್ದು ಹೋದರು. ಆದರೆ ಕತ್ತೆಯವರ ಮೇಲಿನ ನಿರ್ಣಯ ಬರೆಯಲಿಲ್ಲ. ಬದಲಿಗೆ ಸಂಘದ ಹಣದಲ್ಲಿ ಒಂದು ಥರ್ಮಾಮೀಟರು ಕೊಳ್ಳುವುದು, ಸತ್ತ ಹಸುವಿನ ಸಾಲಕ್ಕೆ ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸುವುದು, ಇನ್ನು ಮುಂದೆ ವಿಮೆ ಮಾಡಿಸದೆ ಹಸುವಿಗೆ ಸಾಲ ಕೊಡದಿರುವುದು ಅಂತ ಬರೆದರು. ಮೂಲೆಯಲ್ಲಿ ಕೂತಿದ್ದ ಆಕೆಯೇ ಆ ದಿನ ಮಾತಾಡಿದ್ದು: "ಅವರ ಕತ್ತೆ ಸತ್ರೆ ಅವರಿಗೆ ಯಾವ ಸಂಘ ಸಾಲ ಕೊಡ್ತದೆ?" ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಮುಂದಿನ ಸಲ ಅವರು ಬಂದಾಗ ಕತ್ತೆಗಳನ್ನು ಕೊಟ್ಟಿಗೆಯಿಂದ ದೂರ ಕಟ್ಟಲು ಜಾಗ ತೋರಿಸುವುದು, ಪಶು ಆಸ್ಪತ್ರೆ ಎಲ್ಲಿದೆ ಅಂತ ಹೇಳುವುದು, ಇಷ್ಟು ಮಾಡುತ್ತೇವೆ ಅಂದರು.

ಮುಂದಿನ ಸಭೆಯಲ್ಲಿ ಚರ್ಚಿಸಲು: ನಿಮ್ಮ ಸಂಘದ ಸಾಲದಲ್ಲಿ ತಂದ ಹಸುಗಳೆಷ್ಟು, ಅದರಲ್ಲಿ ವಿಮೆ ಇರುವುದೆಷ್ಟು? ನಿಮ್ಮ ಪಂಚಾಯಿತಿಯ ಪಶು ಸಖಿ ಯಾರು, ಕೊನೆಯ ಸಲ ನಿಮ್ಮ ಊರಿಗೆ ಬಂದದ್ದು ಯಾವಾಗ? ಸಭೆಗೆ ಬರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಹಸುವಿನ ಎರಡೂ ಕಿವಿಯೊಳಗೆ, ಕೆಚ್ಚಲ ಬುಡದಲ್ಲಿ, ಬಾಲದ ಕೆಳಗೆ ನೋಡಿ ಎಷ್ಟು ಉಣ್ಣಿ ಸಿಕ್ಕಿತು ಅಂತ ಎಣಿಸಿಕೊಂಡು ಬನ್ನಿ. ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಮೂರು ತಿಂಗಳು ಬಿಟ್ಟು ಮತ್ತೆ ಎಣಿಸೋಣ.